ಎಂಜಿನ್ ನಿಂತ ಮೇಲಿನ ಲೆಕ್ಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟಹೊರಟಿರುವ ಯುವಕ ಯುವತಿಯರಿಗೆ,



ನಿಮ್ಮಂಥವರನ್ನು ನಾನು ಆಗಾಗ ಭೇಟಿಯಾಗುತ್ತಿರುತ್ತೇನೆ. ಐಟಿಐ ಮುಗಿಸಿ ವೆಲ್ಡಿಂಗ್ ಶೆಡ್ ಇಟ್ಟವರು, ಕಾಲೇಜಿನ ಪ್ರಾಜೆಕ್ಟ್ ನೆಪದಲ್ಲಿ ಅಲ್ಯೂಮಿನಿಯಂ ಪೈಪು ಕೂಡಿಹಾಕಿದವರು, ತೋಟಕ್ಕೆ ಔಷಧಿ ಹೊಡೆಯಲು ಬಂದ ಡ್ರೋನನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡವರು. ಮೊಬೈಲ್ ತೆಗೆದು ಎಲ್ಲೆಲ್ಲಿಯದೋ ವಿಡಿಯೊ ತೋರಿಸುತ್ತೀರಿ. ಹೆಚ್ಚಿನವು ಚಕ್ರ ನೆಲ ಬಿಟ್ಟ ಗಳಿಗೆಗೆ, ಸುತ್ತ ನಿಂತವರ ಚಪ್ಪಾಳೆಗೆ ಮುಗಿದುಹೋಗುತ್ತವೆ. ನಿಮ್ಮ ಪ್ರಶ್ನೆಗಳೂ ಅಲ್ಲಿಗೇ ನಿಲ್ಲುತ್ತವೆ. ಯಾವ ಎಂಜಿನ್ ಹಾಕಬೇಕು, ರೆಕ್ಕೆ ಎಷ್ಟುದ್ದ ಇರಬೇಕು, ಬುಲೆಟ್ ಬೈಕಿನ ಎಂಜಿನ್ ಸಾಕಾಗುತ್ತಾ ಸಾರ್? ಇಳಿಸುವುದು ಹೇಗೆ ಎಂದು ಕೇಳುವವರು ಅಪರೂಪ. ಯಾರೂ ಕೇಳದ ಆ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದಿ.

ನಾನು ಹಾರಲು ಕಲಿತದ್ದು ಜಕ್ಕೂರಿನಲ್ಲಿ. ಈಗ ಅದರ ಸುತ್ತ ಅಪಾರ್ಟ್‌ಮೆಂಟುಗಳೆದ್ದಿವೆ, ಆಗ ಅದು ಬೆಂಗಳೂರಿಗೆ ಸೇರದ ಹಳ್ಳಿ. 1948ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಅಲ್ಲೇ. ನಮ್ಮ ಕಾಲದ ವಿಮಾನ ಪುಷ್ಪಕ್. ಎಚ್‌ಎಎಲ್ 1958ರಲ್ಲಿ ಮೊದಲ ಬಾರಿ ಹಾರಿಸಿದ್ದು. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್, ಅಕ್ಕಪಕ್ಕ ಎರಡು ಸೀಟು, ಬಾಲದಡಿ ಒಂದು ಪುಟ್ಟ ಚಕ್ರ. ನನಗೆ ಕಲಿಸಿದವರು ಮಾತು ಕಡಿಮೆ. ನಾನು ಹೊರಗಿನ ಚೆಂದ ನೋಡುತ್ತ ಮೈಮರೆತಿದ್ದೇನೆ ಅನ್ನಿಸಿದಾಗ ಕೈ ಚಾಚಿ ಥ್ರಾಟಲ್ ಎಳೆದುಬಿಡುತ್ತಿದ್ದರು. ಎಂಜಿನ್ನಿನ ಸದ್ದು ಅಡಗಿ ಗಾಳಿ ಸುಯ್ಯೆನ್ನುವುದು ಕೇಳುತ್ತಿತ್ತು. “ಎಲ್ಲಿ ಇಳಿಸ್ತೀಯಪ್ಪ?” ಎಂದು ಕೇಳುತ್ತಿದ್ದರು. ರಾಗಿ ಹೊಲ ತೋರಿಸಿದರೆ “ಗಾಳಿ ಯಾವ ಕಡೆಯಿಂದ?” ಗಾಳಿ ಹೇಳಿದರೆ “ಕರೆಂಟು ಕಂಬ ಕಂಡೆಯಾ?” ಅಷ್ಟರಲ್ಲಿ ಹೊಲ ರೆಕ್ಕೆಯಡಿ ಜಾರಿ ಹಿಂದೆ ಹೋಗಿರುತ್ತಿತ್ತು. ಒಬ್ಬನೇ ಹಾರಲು ಅನುಮತಿ ಸಿಗುವ ಮೊದಲು ನಾವು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಹಾರುತ್ತಿರುವ ವಿಮಾನದ ಶಕ್ತಿ ಎರಡು ಜೇಬುಗಳಲ್ಲಿರುತ್ತದೆ. ಒಂದು ಎತ್ತರ, ಇನ್ನೊಂದು ವೇಗ. ಮೂಗು ತಗ್ಗಿಸಿದರೆ ಎತ್ತರದ ಜೇಬಿನದು ವೇಗದ ಜೇಬಿಗೆ ಬರುತ್ತದೆ, ಮೂಗೆತ್ತಿದರೆ ವಾಪಸ್ಸು ಹೋಗುತ್ತದೆ. ಚನ್ನಗಿರಿಯ ಅಡಿಕೆ ಮಂಡಿ ಕಂಡವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಮಾಲು ಕೈ ಬದಲಾದಾಗಲೆಲ್ಲ ನಡುವೆ ಒಬ್ಬ ದಲ್ಲಾಳಿ ಕಮಿಷನ್ ಹಿಡಿಯುತ್ತಾನೆ. ಇಲ್ಲಿ ಆ ದಲ್ಲಾಳಿ ಗಾಳಿಯ ಎಳೆತ. ವ್ಯವಹಾರವಿಲ್ಲದಿದ್ದರೂ ಕ್ಷಣಕ್ಷಣಕ್ಕೂ ಹಿಡಿಯುತ್ತಲೇ ಇರುತ್ತಾನೆ. ಎಂಜಿನ್ ಓಡುವವರೆಗೆ ಪೆಟ್ರೋಲು ಅದನ್ನು ತುಂಬಿಕೊಡುತ್ತದೆ, ಹಾಗಾಗಿ ನಿಮಗೆ ಗೊತ್ತೇ ಆಗುವುದಿಲ್ಲ. ಎಂಜಿನ್ ನಿಂತಿತೋ, ಎರಡು ಜೇಬಿನಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ನೆಲ ಮುಟ್ಟಬೇಕು.

ಎಷ್ಟಿರುತ್ತದೆ? ಪಿಯುಸಿ ಭೌತಶಾಸ್ತ್ರ ಸಾಕು, ಪೆನ್ನು ತಗೊಳ್ಳಿ. ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ ಆ ವೇಗ ಎಷ್ಟು ಎತ್ತರಕ್ಕೆ ಸಮ ಎಂಬುದು ಸಿಗುತ್ತದೆ. ನಿಮ್ಮ ವಿಮಾನ ಗಂಟೆಗೆ 60 ಕಿ.ಮೀ.ಗೆ ಸ್ಟಾಲ್ ಆಗುತ್ತದೆ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ಹೊರುವುದನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ. ಇಳಿಯಲು ಬರುವಾಗ ಸ್ಟಾಲ್ ವೇಗದ 1.3 ಪಟ್ಟು ಇಟ್ಟುಕೊಳ್ಳುವುದು ಎಲ್ಲ ಕಡೆಯ ರೂಢಿ, ಅಂದರೆ 78. ಈಗ 78ಕ್ಕೂ 60ಕ್ಕೂ ನಡುವಿನ ಉಳಿಕೆಯನ್ನು ಎತ್ತರಕ್ಕೆ ಬದಲಿಸಿ ನೋಡಿ. ಹತ್ತು ಮೀಟರು! ಬೆಳೆದ ಅಡಿಕೆ ಮರದ ಎತ್ತರವೂ ಅಲ್ಲ. ತೋಟದ ಅಂಚು ದಾಟಲಿಲ್ಲವೆಂದು ಗಾಬರಿಯಲ್ಲಿ ಸ್ಟಿಕ್ ಎಳೆಯುವವನ ಕೈಯಲ್ಲಿರುವ ಬಂಡವಾಳ ಇಷ್ಟೇ, ಅದರಲ್ಲೂ ಕಮಿಷನ್ ಕಳೆಯಬೇಕು.

ಹಾಗಾದರೆ ವೇಗ ಹೆಚ್ಚಿಟ್ಟುಕೊಂಡರಾಯಿತು ಎನ್ನುತ್ತೀರಿ. 60ರ ಬದಲು 90ರಲ್ಲಿ ನೆಲ ಮುಟ್ಟಿದರೆ ಕರಗಿಸಬೇಕಾದ ಶಕ್ತಿ ಎರಡೂಕಾಲು ಪಟ್ಟು. ನೀವು ಬೆಸುಗೆ ಹಾಕಿದ ಚಕ್ರದ ಕಾಲು, ಸೈಕಲ್ ಬ್ರೇಕು, ಗದ್ದೆಯ ಬದು, ಎಲ್ಲವೂ ಅದನ್ನು ಹಂಚಿಕೊಳ್ಳಬೇಕು. ಕೊನೆಯ ಪಾಲು ಸೀಟಿನಲ್ಲಿರುವವರ ಬೆನ್ನುಮೂಳೆಗೆ.

ಎಲ್ಲ ವಿಮಾನಗಳಿಗೂ ಒಂದೇ ಪಾಠ ಹೊಂದುವುದಿಲ್ಲ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಎರಡು ಉದಾಹರಣೆಗಳಿವೆ. ಬೆಂಗಳೂರಿನ ರಾಜ್‌ಹಂಸ ಅಲ್ಟ್ರಾಲೈಟ್ಸ್, ಫ್ರಾನ್ಸಿನಿಂದ ಬಂದ ಜೋಯೆಲ್ ಕೋಕ್ಲಿನ್ ಕಟ್ಟಿದ ಕಂಪನಿ. ಅಲ್ಲಿ ಹುಟ್ಟಿದ ಎಕ್ಸ್-ಏರ್ ಕಿಟ್ ರೂಪದಲ್ಲಿ ಬ್ರಿಟನ್ ಮುಂತಾದ ದೇಶಗಳಿಗೆ ಹೋಯಿತು, ಅಲ್ಲಿನ ಹವ್ಯಾಸಿಗಳು ಅದನ್ನು ಗ್ಯಾರೇಜುಗಳಲ್ಲಿ ಜೋಡಿಸಿ ಹಾರಿಸಿದರು. ಪೈಪು, ತಂತಿ, ಬಟ್ಟೆಯ ಹಗುರ ವಿಮಾನ. ನೀವು ಕಟ್ಟುವುದೂ ಬಹುಪಾಲು ಇದೇ ಜಾತಿಯದು. ಇದರಲ್ಲಿ ತೂಕ ಕಡಿಮೆ, ಎಳೆತ ಜಾಸ್ತಿ. ಥ್ರಾಟಲ್ ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ ವೇಗ ಸೋರಿಹೋಗುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಮುಂದಕ್ಕೆ ಹತ್ತು ಮೀಟರೂ ಹೋಗದ ಯಂತ್ರಗಳಿವು. ಆದ್ದರಿಂದ ಎಂಜಿನ್ ನಿಂತರೆ ಮೂಗನ್ನು ತಕ್ಷಣ, ಮನಸ್ಸು ಒಪ್ಪದಷ್ಟು ಕೆಳಗೆ ತಗ್ಗಿಸಬೇಕು. ನೆಲ ಕಣ್ಣಿಗೆ ರಾಚುತ್ತಿರುವಾಗ ಹಾಗೆ ಮಾಡಲು ಮನುಷ್ಯನ ಕೈ ತಾನಾಗಿ ಬಗ್ಗುವುದಿಲ್ಲ, ಬಗ್ಗಿಸಿ ಕಲಿಸಬೇಕು. ಇಂಥ ವಿಮಾನದಲ್ಲಿ ನೆಲದ ಹತ್ತಿರ ಮೂಗೆತ್ತುವ ಕೆಲಸವನ್ನೂ, ಅಂದರೆ ಫ್ಲೇರ್, ತಡವಾಗಿ ಆರಂಭಿಸಿ ಬೇಗ ಮುಗಿಸಬೇಕು. ಮೊದಲೇ ಎತ್ತಿದರೆ ಆಳುದ್ದದ ಎತ್ತರದಲ್ಲಿ ವೇಗ ಮುಗಿದು ದೊಪ್ಪೆಂದು ಬೀಳುತ್ತದೆ.

ಇನ್ನೊಂದು, ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಜ಼ಿ. ಅದೇ ವಿನ್ಯಾಸವನ್ನು ಹಿಡಿದು ಬೆಂಗಳೂರಿನ ಎನ್‌ಎಎಲ್ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಆ ಅನುಭವದ ಬೆನ್ನಲ್ಲೇ 1993ರಲ್ಲಿ ಎನ್‌ಎಎಲ್‌ನ ಹಂಸ ವಿಮಾನ ಬಂತು. ಲಾಂಗ್-ಈಜ಼ಿಗೆ ಮುಂದೆ ಪುಟ್ಟ ರೆಕ್ಕೆ, ಹಿಂದೆ ಎಂಜಿನ್, ನುಣ್ಣನೆ ಮೈ. ಇದರ ಕಷ್ಟ ತಿರುಗುಮುರುಗು. ಎಳೆತವೇ ಕಡಿಮೆಯಾದ್ದರಿಂದ ಶಕ್ತಿ ಖರ್ಚಾಗುವುದಿಲ್ಲ. ಇಳಿಯುವ ವೇಗವೂ ಹೆಚ್ಚು, ರನ್‌ವೇ ಉದ್ದ ಇರಬೇಕು. ಹೊಟ್ಟೆಯಡಿ ಬಿಚ್ಚಿಕೊಳ್ಳುವ ಹಲಗೆಯೊಂದನ್ನು ಬ್ರೇಕಿನಂತೆ ಇಟ್ಟಿರುವುದು ಅದಕ್ಕೇ. ಎಕ್ಸ್-ಏರ್ ಕೈ ಇರುವವನು ಇದರಲ್ಲಿ ಕೂತರೆ ರನ್‌ವೇ ಮುಗಿದರೂ ತೇಲುತ್ತಲೇ ಇರುತ್ತಾನೆ. ನೀವು ಕಟ್ಟಿದ್ದು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು, ಅಳೆದೇ ತಿಳಿಯಬೇಕು.

ಈಗ ನಾನು ಬಹಳ ಹೆದರುವ ವಿಷಯಕ್ಕೆ ಬರುತ್ತೇನೆ. “ಜಾಸ್ತಿ ಎತ್ತರ ಹೋಗಲ್ಲ ಸಾರ್, ಕೆರೆ ಅಂಗಳದಲ್ಲಿ ಒಂದು ಇಪ್ಪತ್ತಡಿ ನೆಗೆಸಿ ನೋಡ್ತೀವಿ ಅಷ್ಟೆ.” ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಸೂಳೆಕೆರೆಯ ಅಂಚು, ಜಗಳೂರು ಕಡೆಯ ಬಯಲು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಇಪ್ಪತ್ತಡಿ ಎನ್ನುವಾಗ ನಿಮ್ಮ ಮನೆಯವರಿಗೂ ಧೈರ್ಯ, ಬಿದ್ದರೂ ಇಪ್ಪತ್ತಡಿಯಿಂದ ತಾನೇ! ಆದರೆ ಲೆಕ್ಕ ನೋಡಿ. ನೆಲ ಬಿಟ್ಟ ಹೊಸದರಲ್ಲಿ ವೇಗದ ಜೇಬು ಅರ್ಧ ಖಾಲಿ, ಎತ್ತರದ ಜೇಬು ಪೂರಾ ಖಾಲಿ. ಮೂಗು ಮೇಲಕ್ಕಿದೆ. ಆ ಗಳಿಗೆಯಲ್ಲಿ ಎಂಜಿನ್ ಉಸಿರುಗಟ್ಟಿದರೆ ಮೂಗು ತಗ್ಗಿಸಿ ವೇಗ ಪಡೆಯಲು ಕೆಳಗೆ ಜಾಗವೇ ಇಲ್ಲ. ಸಾವಿರ ಅಡಿಯಲ್ಲಿ ಎಂಜಿನ್ ನಿಂತವರಿಗೆ ಯೋಚಿಸಲು ಒಂದು ನಿಮಿಷವಾದರೂ ಸಿಗುತ್ತದೆ. ತರಬೇತಿಯಿಲ್ಲದವನಿಗೆ ಇಪ್ಪತ್ತಡಿಯೇ ಹೆಚ್ಚು ಅಪಾಯ. ನೆಗೆತಕ್ಕೆ ಬೇಕಾದ ಕೈಚಳಕ, ಇಳಿಸಲು ಬೇಕಾದ ಕೈಚಳಕವೇ. ಹಾರುವುದಕ್ಕಿಂತ ಅದು ಕಷ್ಟದ್ದು. ದಯವಿಟ್ಟು ಆ ನೆಗೆತ ಬೇಡ.

ಗ್ಲೈಡರ್ ಹಾರಿಸುತ್ತಿದ್ದ ಜರ್ಮನಿಯ ಓಟೊ ಲಿಲಿಯೆಂತಾಲ್ 1896ರಲ್ಲಿ ತೀರಿಕೊಂಡದ್ದು ಆಕಾಶದಿಂದ ಬಿದ್ದಲ್ಲ, ಸುಮಾರು 15 ಮೀಟರ್ ಎತ್ತರದಿಂದ. ಅವರ ಗ್ಲೈಡರ್ ಸ್ಟಾಲ್ ಆಗಿತ್ತು. ಆ ಸಾವಿನ ಸುದ್ದಿ ರೈಟ್ ಸಹೋದರರನ್ನು ಆಳವಾಗಿ ತಟ್ಟಿತು. ಅವರು ಎಂಜಿನ್ ಕೂಡಿಸಿದ್ದು 1903ರಲ್ಲಿ. ಅದಕ್ಕೂ ಹಿಂದಿನ ವರ್ಷದ ಶರತ್ಕಾಲದಲ್ಲಿ ಕಿಟಿ ಹಾಕ್ ಬಳಿಯ ಮರಳುದಿಣ್ಣೆಯಿಂದ 700ರಿಂದ 1000 ಸಲ ಗ್ಲೈಡರಿನಲ್ಲಿ ಜಾರಿ ಇಳಿದಿದ್ದರು. ಅಂದರೆ ಅಷ್ಟು ಸಲ ಇಳಿಯುವುದನ್ನೇ ಕಲಿತಿದ್ದರು. ಇನ್ನೊಂದು ಕಡೆ ಫ್ರಾನ್ಸಿನ ಆನ್ರಿ ಮಿನ್ಯೆ. ಯಾರು ಬೇಕಾದರೂ ಕಟ್ಟಬಹುದಾದ ‘ಆಕಾಶದ ಚಿಗಟ’ ಎಂಬ ವಿಮಾನದ ಬಗ್ಗೆ ಬರೆದ ಅವರ ಪುಸ್ತಕ 1934ರಲ್ಲಿ ಬಂದು ಯೂರೋಪಿನ ಬಡಗಿಗಳನ್ನೂ ಮೆಕ್ಯಾನಿಕ್‌ಗಳನ್ನೂ ಹುಚ್ಚೆಬ್ಬಿಸಿತು. ಎರಡೇ ವರ್ಷದಲ್ಲಿ ಒಂದರ ಹಿಂದೊಂದು ಸಾವು. ಆಮೇಲೆ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ, ಮೂಗು ಒಂದು ಮಿತಿ ಮೀರಿ ಕೆಳಗಾದರೆ ಹಿಂದಿನ ರೆಕ್ಕೆ ಅದನ್ನು ಮೇಲೇಳಲು ಬಿಡುವುದಿಲ್ಲ ಎಂದು ಗೊತ್ತಾಯಿತು. ಮಿನ್ಯೆ ಮೋಸಗಾರರಲ್ಲ, ಪ್ರಾಮಾಣಿಕ ಉತ್ಸಾಹಿ. ಉತ್ಸಾಹ ಆ ದೋಷವನ್ನು ಕಾಣಲಿಲ್ಲ. (‘ವೈಮಾನಿಕ ಶಾಸ್ತ್ರ’ ಎಂಬ ಪುಸ್ತಕದ ಚಿತ್ರ ಹಿಡಿದುಕೊಂಡು ಬರುವ ಗೆಳೆಯರಿಗೆ ಒಂದು ಮಾತು: ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೇ 1974ರಲ್ಲಿ ಅದನ್ನು ಕೂಲಂಕಷವಾಗಿ ನೋಡಿ, ಅಲ್ಲಿನ ಯಂತ್ರಗಳು ಹಾರಲಾರವು ಎಂದು ಬರೆದಿದ್ದಾರೆ. ಓದಿ.)

ಇನ್ನು ನಮ್ಮ ನೆಲ, ನಮ್ಮ ಗಾಳಿ. ನಮ್ಮ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ 1,600 ಮೀಟರ್ ಎತ್ತರದ ಗಾಳಿಯಷ್ಟು ತೆಳು. ವೇಗಮಾಪಕ 78 ತೋರಿಸುವಾಗ ನೀವು ನಿಜವಾಗಿ ಓಡುತ್ತಿರುವುದು ಶೇ 8ರಷ್ಟು ಹೆಚ್ಚು. ಇಳಿದ ಮೇಲಿನ ಓಟ ಅದಕ್ಕಿಂತ ಹೆಚ್ಚು ಬೆಳೆಯುತ್ತದೆ, ಎಂಜಿನ್ನಿನ ಬಲ ಕುಗ್ಗುತ್ತದೆ. ಡಿಸೆಂಬರ್ ಬೆಳಿಗ್ಗೆ ಸಾಕಾದ ಜಾಗ ಏಪ್ರಿಲ್ ಮಧ್ಯಾಹ್ನಕ್ಕೆ ಸಾಲದು. ಆಷಾಢ ಬಂತೆಂದರೆ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಯೇ ಜಗಳೂರಿನ ಮೇಲೂ ಬೀಸುತ್ತದೆ. ನೆಲ ಹತ್ತಿರವಾದಂತೆ ಈ ಗಾಳಿ ಥಟ್ಟನೆ ಇಳಿದುಬಿಡುತ್ತದೆ. ಎದುರುಗಾಳಿ ಕೊಟ್ಟಿದ್ದ ವೇಗ ಕೊನೆಯ ಹತ್ತು ಮೀಟರಿನಲ್ಲಿ ಮಾಯ. ಅಂಥ ದಿನ 78ಕ್ಕೆ ಇನ್ನಷ್ಟು ಕೂಡಿಸಿಕೊಂಡು ಬರಬೇಕು, ಇಲ್ಲವೇ ಶೆಡ್ಡಿನ ಬಾಗಿಲು ಮುಚ್ಚಿ ಮನೆಗೆ ಹೋಗಬೇಕು.

ಚನ್ನಗಿರಿಯವರೇ, ನಿಮ್ಮ ತಾಲ್ಲೂಕು ಮೇಲಿನಿಂದ ನೋಡಿದರೆ ಹಸಿರು ಚಾಪೆ, ಇಳಿಯಹೋದರೆ ಈಟಿಗಳ ಕಾಡು. ಅಡಿಕೆ ತೋಟದ ಗಾಳಿಮರೆಯ ಕಡೆ ಗಾಳಿ ಸುರುಳಿಯಾಗಿ ಕೆಳಗೆ ಒತ್ತುತ್ತದೆ, ತೋಟ ದಾಟಿದ ತಕ್ಷಣದ ಖಾಲಿ ಜಾಗವನ್ನು ನಂಬಬೇಡಿ. ಹೊನ್ನಾಳಿ, ನ್ಯಾಮತಿಯವರಿಗೆ ನಾಲೆಯ ನೀರಿನ ಗದ್ದೆಗಳಿವೆ. ನೀರು ನಿಂತ ಗದ್ದೆಯಲ್ಲಿ ಚಕ್ರ ಹೂತರೆ ಬಾಲ ತಲೆಯ ಮೇಲಿಂದ ಬರುತ್ತದೆ. ನಾಲ್ಕೂ ತಾಲ್ಲೂಕಿನಲ್ಲಿ ಸುಗ್ಗಿಯಾದ ಮೆಕ್ಕೆಜೋಳದ ಹೊಲ ಮೊದಲ ಆಯ್ಕೆ, ಸಾಲಿನ ಉದ್ದಕ್ಕೆ ಇಳಿಯಿರಿ, ಅಡ್ಡಕ್ಕಲ್ಲ. ಬೆಳೆ ನಿಂತಿದ್ದರೆ ಬೆಳೆಯ ತುದಿಯನ್ನೇ ನೆಲವೆಂದು ತಿಳಿದು ಅಲ್ಲೇ ಫ್ಲೇರ್ ಮಾಡಬೇಕು. ಕೊಳವೆಬಾವಿಯ ಕರೆಂಟು ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದುಕೊಳ್ಳಿ.

ಕೊನೆಯ ತಿರುವಿನ ಬಗ್ಗೆ ಒಂದಿಷ್ಟು. ಇಳಿಯುವ ಜಾಗದ ನೇರಕ್ಕೆ ತಿರುಗುವಾಗ ಸ್ವಲ್ಪ ಆಚೆ ಹೋದಿರಿ ಎನ್ನಿ. ಇನ್ನಷ್ಟು ವಾಲಿಸಿ ತಿರುಗಿಸೋಣ ಅನ್ನಿಸುತ್ತದೆ. ಎತ್ತರ ಕಳೆಯದೆ 45 ಡಿಗ್ರಿ ವಾಲಿದರೆ 60ರ ಸ್ಟಾಲ್ ವೇಗ 71 ಆಗುತ್ತದೆ. 60 ಡಿಗ್ರಿ ವಾಲಿದರೆ 85. ನೀವಿರುವುದು 78ರಲ್ಲಿ. ಅದರ ಮೇಲೆ ಕಾಲಿನಿಂದ ರಡ್ಡರ್ ತುಳಿದು ಮೂಗು ಎಳೆದರೆ ಒಳಗಿನ ರೆಕ್ಕೆ ಮೊದಲು ಸೋತು ವಿಮಾನ ಬುಗುರಿಯಾಗುತ್ತದೆ. ಬಿಡಿಸಿಕೊಳ್ಳುವಷ್ಟು ಎತ್ತರ ಅಲ್ಲಿರುವುದಿಲ್ಲ. ಆಚೆ ಹೋದರೆ ಹೋಗಲಿ, ಥ್ರಾಟಲ್ ಪೂರ್ತಿ ತಳ್ಳಿ ಇನ್ನೊಂದು ಸುತ್ತು ಬನ್ನಿ. ಏರುವಾಗ ಎಂಜಿನ್ ನಿಂತರೂ ಹಾಗೆಯೇ: ಹೊರಟ ಜಾಗಕ್ಕೆ ಹಿಂದಿರುಗುವ ಆಸೆ ಬಿಟ್ಟು ಮುಂದಿರುವುದರಲ್ಲೇ ಒಳ್ಳೆಯದನ್ನು ಆರಿಸಿ.

ನೇರಕ್ಕೆ ಬಂದ ಮೇಲೆ ಇಳಿಯಬೇಕಾದ ಬಿಂದುವನ್ನು ಮುಂದಿನ ಗಾಜಿನಲ್ಲಿ ನೋಡಿ. ಅದು ಮೇಲಕ್ಕೆ ಜಾರುತ್ತಿದ್ದರೆ ನೀವು ಅದರ ಈಚೆಗೇ ಬೀಳುತ್ತೀರಿ, ಕೆಳಕ್ಕೆ ಜಾರುತ್ತಿದ್ದರೆ ದಾಟಿಹೋಗುತ್ತೀರಿ. ಈಚೆಗೆ ಬೀಳುತ್ತಿದ್ದೇನೆಂದು ಸ್ಟಿಕ್ ಎಳೆದರೆ ಇಳಿತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ನಿಧಾನದ ವೇಗಗಳಲ್ಲಿ ಎಳೆತ ಏರುತ್ತ ಹೋಗುತ್ತದೆ. ಎಂಜಿನ್ ಇದ್ದರೆ ಥ್ರಾಟಲ್ ಕೊಡಿ, ಇಲ್ಲದಿದ್ದರೆ ವೇಗ ಕಾದುಕೊಂಡು ಹತ್ತಿರದ ಜಾಗ ಆರಿಸಿ. ಎತ್ತರ ಹೆಚ್ಚಾದರೆ ಸುಲಭ. ಪುಷ್ಪಕ್‌ಗೆ ಫ್ಲ್ಯಾಪ್ ಇರಲಿಲ್ಲ, ಒಂದು ರೆಕ್ಕೆ ತಗ್ಗಿಸಿ ಎದುರು ರಡ್ಡರ್ ಒತ್ತಿ ಅಡ್ಡಡ್ಡ ಜಾರಿಸಿಯೇ ಹೆಚ್ಚಿನ ಎತ್ತರ ಕಳೆಯುತ್ತಿದ್ದೆವು. ಆ ಸುಖ ಬೇರೆಯೇ!

ಇದೆಲ್ಲ ಪುಸ್ತಕದ ಮಾತು ಅನ್ನಿಸಿದರೆ ಜಗಳೂರಿನಿಂದ ದೂರವೇನಲ್ಲದ ಚಳ್ಳಕೆರೆಯ ಕಡೆ ನೋಡಿ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಎಂಜಿನ್ ಬಲವಿಲ್ಲದೆ, ಒಳಗೆ ಮನುಷ್ಯರೂ ಇಲ್ಲದೆ ಅದು ತಾನೇ ಲೆಕ್ಕ ಹಾಕಿಕೊಂಡು ರನ್‌ವೇಗೆ ಬಂದಿಳಿಯಿತು. 2024ರ ಮಾರ್ಚ್‌ನಲ್ಲಿ ಮತ್ತೊಮ್ಮೆ. ಅದೇ ವರ್ಷದ ಜೂನ್ 23ರಂದು ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ, ಗಾಳಿ ಹೆಚ್ಚಿದ್ದಾಗ ಬಿಟ್ಟರು. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ 100ರ ಹತ್ತಿರಕ್ಕೆ ಇಳಿಸಿಕೊಂಡು, ಆಮೇಲೆ ಬ್ರೇಕ್ ಹಿಡಿದು ನಿಂತಿತು. ಅದರ ಹೆಸರೂ ಪುಷ್ಪಕ್ ಎಂಬುದು ನನ್ನಂಥ ಮುದುಕನಿಗೆ ಖುಷಿ. ಏರುವುದನ್ನು ದಶಕಗಳಿಂದ ಬಲ್ಲ ಸಂಸ್ಥೆಯೂ ಇಳಿಯುವುದನ್ನು ಪ್ರತ್ಯೇಕವಾಗಿ, ಮೂರು ಸಲ, ಕಷ್ಟವನ್ನು ಹೆಚ್ಚಿಸುತ್ತ ಕಲಿತಿದೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ನಿಮ್ಮ ವಿಮಾನಕ್ಕೆ ಎಂಜಿನ್ ಕೂರಿಸುವ ಮೊದಲು ನೀವು ಬೇರೆಯವರ ವಿಮಾನದಲ್ಲಿ ಬೋಧಕರ ಪಕ್ಕ ಕೂತು ಇಳಿಸಲು ಕಲಿಯಿರಿ. ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ಖಾಸಗಿ ಪೈಲಟ್ ಪರವಾನಗಿಗೆ 17 ತುಂಬಿರಬೇಕು. ದುಡ್ಡು ಬೇಕು, ಒಪ್ಪುತ್ತೇನೆ. ಎರಡೆಕರೆ ಮೆಕ್ಕೆಜೋಳದ ಮನೆಗೆ ಅದು ಸಣ್ಣ ಮಾತಲ್ಲ. ಕಾಲೇಜಿನಲ್ಲಿದ್ದರೆ ಎನ್‌ಸಿಸಿ ವಾಯು ವಿಭಾಗದ ದಾರಿ ವಿಚಾರಿಸಿ, ಅಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್ ಹಾರಾಟವಿದೆ. ಅದೂ ಆಗದಿದ್ದರೆ ನಿಮ್ಮದೇ ವಿನ್ಯಾಸದ ರಿಮೋಟ್ ಮಾದರಿ ಕಟ್ಟಿ, ಮೋಟರ್ ಬಂದ್ ಮಾಡಿ, ಗೆರೆ ಎಳೆದ ಜಾಗದೊಳಗೆ ಇಳಿಸುವುದನ್ನು ಅಭ್ಯಾಸ ಮಾಡಿ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಕಾಲೇಜುಗಳ ಅಧ್ಯಾಪಕರು ಇದನ್ನೊಂದು ವಾರ್ಷಿಕ ಸ್ಪರ್ಧೆಯಾಗಿ ನಡೆಸಿದರೆ ನಾನು ತೀರ್ಪುಗಾರನಾಗಿ ನನ್ನ ಖರ್ಚಿನಲ್ಲಿ ಬರುತ್ತೇನೆ.

ಅನುಮತಿ ಕೊಡುವ ಡಿಜಿಸಿಎ ಎಂದರೆ ಮೂಗು ಮುರಿಯಬೇಡಿ. ಮುಂಬೈನ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ವರ್ಷಗಟ್ಟಲೆ ಅಲೆದು, 2017ರಲ್ಲಿ ಅದಕ್ಕೆ ನೋಂದಣಿ ಪಡೆದರು. ಆದರೆ ಅವರು ಮೊದಲು ವೃತ್ತಿಯ ಪೈಲಟ್, ಆಮೇಲೆ ವಿಮಾನ ಕಟ್ಟಿದವರು. ಕೇರಳದ ಇಡುಕ್ಕಿಯ ಸಜಿ ಥಾಮಸ್ ಅವರಿಗೆ ಕಿವಿ ಕೇಳದು, ಮಾತು ಬಾರದು. ಅವರು ಕಟ್ಟಿದ ಹಗುರ ವಿಮಾನವನ್ನು ಪರೀಕ್ಷಿಸಿ ಹಾರಿಸಿದವರು ವಾಯುಪಡೆಯ ನಿವೃತ್ತ ಅಧಿಕಾರಿ. ಕಟ್ಟಿದವರೇ ಮೊದಲು ಹಾರಿಸಬೇಕೆಂಬ ಹಟ ನಿಮಗೂ ಬೇಡ.

ಅನುಮತಿ, ಅನುಭವಿ ಪೈಲಟ್ ಎರಡೂ ಸಿಕ್ಕ ದಿನ, ಸಾಕಷ್ಟು ಎತ್ತರದಲ್ಲಿ ಅವರು ನಿಮ್ಮ ವಿಮಾನದ ಸ್ಟಾಲ್ ವೇಗ ಅಳೆಯಲಿ. ಒಬ್ಬರಿದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು, ಥ್ರಾಟಲ್ ಮುಚ್ಚಿದರೆ ಸಾವಿರ ಅಡಿ ಇಳಿಯಲು ಎಷ್ಟು ಸೆಕೆಂಡು. ಆ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ವೇಗಮಾಪಕದ ಪಕ್ಕ ಅಂಟಿಸಿ. ಒಂದು ಪ್ರತಿ ನನಗೂ ಕಳಿಸಿ, ಲೆಕ್ಕ ತಾಳೆ ನೋಡಿ ಉತ್ತರ ಬರೆಯುತ್ತೇನೆ.

ಇಂತಿ ನಿಮ್ಮ ಹಿತೈಷಿ,
ಜಕ್ಕೂರಿನ ಹಳೆಯ ವಿದ್ಯಾರ್ಥಿ
ದಾವಣಗೆರೆ